ಕೆಂಪು ಸೀಗಡಿ ಮತ್ತು ಅಯೋಡಿನ್ ಹನಿ

"ರೀ... ನಿಲ್ಸ್ರೀ! ಅದನ್ನ ಸುರಿದ್ರೆ ನಾನು ಸುಮ್ನಿರಲ್ಲ!"

ದೇವನಹಳ್ಳಿಯ ಆ ಹೋಟೆಲ್ ಲಾಬಿಯಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು. ವಿಮಾನಕ್ಕೆ ಹೊರಟಿದ್ದ ಅತಿಥಿಗಳು ಸೂಟ್‌ಕೇಸ್ ಹಿಡಿದಲ್ಲೇ ನಿಂತುಬಿಟ್ಟರು. ಅಕ್ಷತ ಯಾರನ್ನೂ ಗಮನಿಸಲಿಲ್ಲ. ಓಡಿಬಂದವಳೇ, ಅಕ್ವೇರಿಯಂ ಮೇಲೆ ಬಾಗಿದ್ದ ಎತ್ತರದ ಯುವಕನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅವನ ಕೈಯಲ್ಲಿದ್ದ ಮುಚ್ಚಳದ ತುಂಬ ಕಂದು ಬಣ್ಣದ ಅಯೋಡಿನ್!

"ಯಾರು ನೀವು?" ಅವನು ಬೆರಗಾಗಿ ಕೇಳಿದ.

"ಈ ಟ್ಯಾಂಕ್ ನೋಡ್ಕೊಳ್ಳೋಳು. ನೀವ್ಯಾರು?"

"ರವಿಚಂದ್ರ. ಹೊಸ ಡ್ಯೂಟಿ ಮ್ಯಾನೇಜರ್."

ಅಯ್ಯೋ ದೇವ್ರೇ! ಮ್ಯಾನೇಜರ್ ಕೈಯನ್ನೇ ಹಿಡಿದುಬಿಟ್ಟೆನಾ! ಆದರೂ ಅಕ್ಷತಳ ಹಿಡಿತ ಮಾತ್ರ ಸಡಿಲವಾಗಲಿಲ್ಲ.

"ಹವಳ ಎಲ್ಲಾ ಮುದುಡ್ಕೊಂಡಿತ್ತು... ಅಯೋಡಿನ್ ಕಡಿಮೆಯಾದ್ರೆ ಹಿಂಗಾಗುತ್ತೆ ಅಂತ ಓದಿದ್ದೆ. ಪಾಪ ಅನ್ನಿಸ್ತು," ಎಂದ ಅವನು ಮೆಲ್ಲಗೆ.

"ಪಾಪ ಅನ್ನಿಸ್ತು ಅಂತ ಮುಚ್ಚಳಗಟ್ಲೆ ಸುರಿಯೋದಾ? ಜಾಸ್ತಿ ಆದ್ರೆ ವಿಷ ರೀ! ಮೊದ್ಲು ನೀರು ಟೆಸ್ಟ್ ಮಾಡ್ಬೇಕು."

ಅವಳು ಚೀಲದಿಂದ ಟೆಸ್ಟ್ ಕಿಟ್ ತೆಗೆದು, ಪುಟ್ಟ ಸೀಸೆಗೆ ಟ್ಯಾಂಕಿನ ನೀರು ತುಂಬಿ, ಪುಡಿ ಹಾಕಿ ಅಲ್ಲಾಡಿಸಿದಳು. ಬಣ್ಣ ಬರಲೇ ಇಲ್ಲ. ಅಯೋಡಿನ್ ನಿಜವಾಗಿಯೂ ಕಡಿಮೆಯಿತ್ತು!

ಅಕ್ಷತ ತುಟಿ ಕಚ್ಚಿಕೊಂಡಳು. "ನಿಮ್ಮ ಅಂದಾಜು ಸರಿ... ಅಳತೆ ತಪ್ಪು."

ಅವನು ನಕ್ಕುಬಿಟ್ಟ. ಅಳತೆಯ ಲೋಟಕ್ಕೆ ಅಯೋಡಿನ್ ಹನಿ ಎಣಿಸಿ ಬಿಡುತ್ತಿದ್ದವಳು ಆ ನಗು ಕಂಡು ಎಣಿಕೆಯನ್ನೇ ಮರೆತು, ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು!

ಅಕ್ಷತಳದು ಸಮೇತನಹಳ್ಳಿ. ಮನೆಯ ಹಿಂದಿನ ಕೋಣೆಯಲ್ಲಿ ಉಪ್ಪುನೀರು ತುಂಬಿಸಿ ಹವಳ, ಸೀಗಡಿ ಸಾಕುತ್ತಿದ್ದಳು. ಹೋಟೆಲುಗಳ ಸಮುದ್ರದ ಟ್ಯಾಂಕುಗಳನ್ನು ನೋಡಿಕೊಳ್ಳುವುದೇ ಅವಳ ಕೆಲಸ. "ಬೋರ್‌ವೆಲ್ ಕೊರೆದ್ರೂ ನೀರು ಬರದ ಊರಲ್ಲಿ ನನ್ ಮಗಳು ಸಮುದ್ರ ಸಾಕ್ತಾಳೆ ನೋಡ್ರಮ್ಮಾ!" ಎಂದು ತಾಯಿ ಕದಿರಮ್ಮ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಆಮೇಲೆ ಅವಳು ಬಂದಾಗಲೆಲ್ಲ ರವಿಚಂದ್ರ ಟ್ಯಾಂಕಿನ ಬಳಿ ಹಾಜರಾಗುತ್ತಿದ್ದ. ನೀರು ಟೆಸ್ಟ್ ಮಾಡುವುದನ್ನೂ, ಹನಿಹನಿಯಾಗಿ ಅಯೋಡಿನ್ ಬಿಡುವುದನ್ನೂ ಕಲಿತ. ಹವಳಗಳು ಒಂದೊಂದಾಗಿ ಅರಳಿದವು. ಅಕ್ಷತ ತನ್ನ ಕೋಣೆಯಲ್ಲಿ ಮರಿಯಿಂದ ಸಾಕಿದ ಕೆಂಪು ಸೀಗಡಿಯನ್ನು ತಂದು ಆ ಟ್ಯಾಂಕಿಗೆ ಬಿಟ್ಟಳು. ಕೆಂಪಿ ಅಂತ ಹೆಸರಿಟ್ಟವನು ಅವನೇ.

ಅಷ್ಟರಲ್ಲಿ ಅಕ್ಕನ ಹೆರಿಗೆಗೆಂದು ಅವಳು ಚಿಕ್ಕಬಳ್ಳಾಪುರಕ್ಕೆ ಹೋಗಬೇಕಾಯಿತು.

"ಕೆಂಪೀನ ನಿಮ್ಮನ್ನ ನಂಬಿ ಬಿಟ್ಟು ಹೋಗ್ತಿದ್ದೀನಿ."

"ಪ್ರಾಣ ಇಟ್ಟು ನೋಡ್ಕೋತೀನಿ," ಎಂದಿದ್ದ ರವಿಚಂದ್ರ. ದಿನವೂ ಫೋನ್ ಮಾಡುತ್ತಿದ್ದ. ನೀರಿನ ವಿಷಯ ಎರಡೇ ಮಾತು, ಉಳಿದದ್ದೆಲ್ಲ ಊಟ ಆಯ್ತಾ, ನಿದ್ದೆ ಬಂತಾ...

ಆದರೆ ಅವಳು ವಾಪಸು ಬರುವ ಹಿಂದಿನ ದಿನ ಫೋನ್ ಬರಲಿಲ್ಲ. ಇವಳೇ ಮಾಡಿದರೂ ಎತ್ತಲಿಲ್ಲ.

ಬೆಳಿಗ್ಗೆ ಹೋಟೆಲಿಗೆ ಬಂದವಳಿಗೆ ರಿಸೆಪ್ಷನ್‌ನ ಪ್ರಿಯಾಂಕ ಪಿಸುಗುಟ್ಟಿದಳು. "ರವಿ ಸರ್ ಮೈಸೂರು ಬ್ರಾಂಚ್‌ಗೆ ಹೋಗ್ತಾರಂತೆ ಕಣೇ! ನಿನ್ನೆ ಒಪ್ಕೊಂಡ್ಬಿಟ್ರಂತೆ."

ಅಕ್ಷತ ಟೆಸ್ಟ್ ಕಿಟ್‌ನ ಚೀಲವನ್ನು ಮೆಲ್ಲಗೆ ಕೆಳಗಿಟ್ಟಳು. ನನಗೊಂದು ಮಾತೂ ಹೇಳದೆ? ಹಾಗಾದರೆ ಆ ಫೋನ್, ಆ ನಗು... ಎಲ್ಲಾ ಸುಮ್ನೆ ಹೊತ್ತು ಕಳೆಯೋಕಾ?

ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿಸಿತು. ರವಿಚಂದ್ರ! ಕಣ್ಣುಗಳು ಕೆಂಪಾಗಿದ್ದವು. ಕೈಯಲ್ಲೊಂದು ಪುಟ್ಟ ಡಬ್ಬಿ.

"ಅಭಿನಂದನೆ ಸರ್," ಎಂದಳು ಅಕ್ಷತ. "ಹೇಳಿ ಹೋಗೋಷ್ಟೂ ನಾನು ಬೇಡವಾದ್ನಾ?"

"ಯಾವ ಮುಖ ಇಟ್ಕೊಂಡು ಹೇಳ್ಲಿ? ಅಕ್ಷತ... ಕೆಂಪೀನ ನಾನು ಕೊಂದ್ಬಿಟ್ಟೆ!" ಅವನು ಡಬ್ಬಿಯನ್ನು ಅವಳ ಮುಂದೆ ಚಾಚಿದ. "ಅಯೋಡಿನ್ ಟೆಸ್ಟ್ ಮಾಡೇ ಹಾಕಿದ್ದೆ. ಆದ್ರೂ ನಿನ್ನೆ ನೋಡಿದ್ರೆ ಮರಳ ಮೇಲೆ ಸತ್ತು ಬಿದ್ದಿತ್ತು. ನೀವು ನಂಬಿ ಕೊಟ್ಟ ಒಂದು ಜೀವ... ಉಳಿಸ್ಕೊಳ್ಳೋಕಾಗ್ಲಿಲ್ಲ."

ಅಕ್ಷತ ಡಬ್ಬಿ ತೆರೆದಳು. ಹತ್ತಿಯ ಮೇಲೆ ಕೆಂಪಿ ಮಲಗಿತ್ತು. ಮೀಸೆ, ಕಾಲು, ಕಣ್ಣು... ಎಲ್ಲಾ ಹಾಗೇ!

ಅವಳು ಅದನ್ನು ಮೆಲ್ಲಗೆ ಎತ್ತಿ ಬೆಳಕಿಗೆ ಹಿಡಿದಳು. ಬೆಳಕು ಆಚೆ ಬದಿಯಿಂದ ತೂರಿ ಬಂತು!

"ರೀ!" ಅಕ್ಷತ ಕಿರುಚಿಯೇಬಿಟ್ಟಳು. "ಇದು ಖಾಲಿ! ಬೆನ್ನತ್ರ ಒಡೆದಿರೋದು ನೋಡಿ! ಇದು ಕೆಂಪಿ ಅಲ್ಲ ರೀ, ಅದರ ಪೊರೆ! ಹಾವು ಪೊರೆ ಬಿಡಲ್ವಾ... ಹಂಗೇ! ಬೆಳೆದು ದೊಡ್ಡದಾಗಿದೆ ಅಂತ ಅರ್ಥ!"

"ಹಾಗಾದ್ರೆ ಕೆಂಪಿ?"

"ಹೊಸ ಮೈ ಮೆತ್ತಗಿರುತ್ತೆ. ಗಟ್ಟಿಯಾಗೋವರ್ಗೂ ಅಡಗಿರುತ್ತೆ. ಬನ್ನಿ ಬೇಗ!"

ಅವನ ಕೈ ಹಿಡಿದೇ ಎಳೆದೊಯ್ದಳು. ಟ್ಯಾಂಕಿಗೆ ಒಂದು ಚೂರು ಆಹಾರ ಬಿಟ್ಟು ಇಬ್ಬರೂ ಉಸಿರು ಬಿಗಿಹಿಡಿದು ನಿಂತರು. ಕಲ್ಲಿನ ಸಂದಿಯಲ್ಲಿ ಏನೋ ಅಲುಗಿತು... ಬಿಳಿ ಮೀಸೆ! ಆಮೇಲೆ ಕೆಂಡದಂಥ ಹೊಸ ಮೈ!

"ಬಂತು! ಬಂತು!" ರವಿಚಂದ್ರ ಹುಡುಗನ ಹಾಗೆ ಕುಣಿದುಬಿಟ್ಟ. ಕೆನ್ನೆ ಮೇಲೆ ಇಳಿದ ಕಣ್ಣೀರು ಅವನಿಗೇ ಗೊತ್ತಿರಲಿಲ್ಲ.

ಒಂದು ಸೀಗಡಿಗೋಸ್ಕರ ಇಷ್ಟು ನೊಂದವನ ಮೇಲೆ ಅನುಮಾನಪಟ್ಟೆನಲ್ಲ! ಅಕ್ಷತಳ ಕಣ್ಣೂ ತುಂಬಿತು.

"ಮೈಸೂರು...?" ಎಂದಳು ತಡವರಿಸುತ್ತಾ.

"ಹೋದ ತಿಂಗಳೇ ಕರೆದಿದ್ರು. ಬೇಡ ಅಂದಿದ್ದೆ."

"ಯಾಕೆ?"

"ಅಲ್ಲಿ ನೀವಿಲ್ವಲ್ಲ..." ಅವನು ನೇರವಾಗಿ ಅವಳ ಕಣ್ಣಲ್ಲಿ ನೋಡಿದ. "ಮೊದಲ ದಿನ ಬೈದ್ರಲ್ಲ, ಅವತ್ತಿಂದ ನೀವಂದ್ರೆ ಇಷ್ಟ ಅಕ್ಷತ. ನಿಮಗೆ ಮುಖ ತೋರಿಸೋಕಾಗ್ದೆ ನಿನ್ನೆ ಹೂಂ ಅಂದ್ಬಿಟ್ಟೆ. ಈಗ್ಲೇ ಇಲ್ಲ ಅಂತೀನಿ. ನಿಮ್ಮ ತಂದೆ ಹತ್ರ ಬಂದು ಮಾತಾಡ್ಲಾ?"

ಅಕ್ಷತ ತಲೆ ತಗ್ಗಿಸಿದಳು. ಕೆನ್ನೆ ಬಿಸಿಯಾಗಿತ್ತು. "ಭಾನುವಾರ ಬನ್ನಿ. ಅಮ್ಮ ಮುದ್ದೆ ಬಡಿಸ್ತಾಳೆ, ಬೇಡ ಅನ್ನಂಗಿಲ್ಲ. ಅಪ್ಪಂಗೆ ಊಟ ಬಿಡೋರನ್ನ ಕಂಡ್ರೆ ಆಗಲ್ಲ."

"ಎಷ್ಟು ಬಡಿಸಿದ್ರೂ ಉಣ್ತೀನಿ. ನೀವು ಪಕ್ಕದಲ್ಲಿ ಕೂತ್ಕೊಳ್ಳಿ, ಸಾಕು."

"ಇನ್ನೂ 'ನೀವು' ಯಾಕೆ ರೀ?"

ಅವನು ಹತ್ತಿರ ಬಾಗಿದ. ಅವಳಿಗಷ್ಟೇ ಕೇಳುವಂತೆ ಮೆಲ್ಲಗೆ ಕರೆದ.

"ಅಕ್ಷತಾ... ನನ್ನ ಮದ್ವೆ ಆಗ್ತೀಯಾ?"

"ಹೂಂ ರೀ... ಆಗ್ತೀನಿ!"