ಕೂಸಿನ ಹಣೆಯ ಮೂರು ಉಂಗುರ

ಇಪ್ಪತ್ತು ದಿನದ ಕೂಸಿನ ಹಣೆಯ ಮೇಲೆ ಮೂರು ಕೆಂಪು ಉಂಗುರ ಕಂಡಿದ್ದೇ ತಡ, ಶಶಿಧರ ಪಂಚನಹಳ್ಳಿಯ ಅತ್ತೆಮನೆಯಿಂದ ಸೀದಾ ಠಾಣೆಗೆ ಬಂದ. ದೂರು ಅತ್ತೆ ಅಂಜಿನಮ್ಮನ ಮೇಲೆ.

"ಬಾಣಂತನಕ್ಕೆ ಅಂತ ಹೆಂಡ್ತೀನ ಕಳಿಸ್ದೆ ಮೇಡಂ. ಕೂಸಿಗೇ ಬರೆ ಹಾಕವ್ಳೆ. ಅವಳ ಕಸುಬೇ ಅದು."

ಸಬ್‌ಇನ್ಸ್‌ಪೆಕ್ಟರ್ ನಯನ ನಂಬಿದಳು. ಸುತ್ತಲ ಊರಿನ ಮಕ್ಕಳು ರಚ್ಚೆ ಹಿಡಿದರೆ ಅಂಜಿನಮ್ಮ ಬಳೆಚೂರು ಕಾಯಿಸಿ ಹೊಟ್ಟೆಗೆ ಮುಟ್ಟಿಸುವುದು ಎಲ್ಲರಿಗೂ ಗೊತ್ತಿತ್ತು. ಒಲೆಯ ಪಕ್ಕ ಮಸಿ ಹಿಡಿದ ಬಳೆಚೂರೂ ಸಿಕ್ಕಿತು. ತಾಯಿ, ಮಗು ಇಬ್ಬರನ್ನೂ ತರೀಕೆರೆಯ ಮಕ್ಕಳ ಡಾಕ್ಟರ್ ಸಂಹಿತಾ ಅವರ ಆಸ್ಪತ್ರೆಗೆ ಸೇರಿಸಿ, ಮುದುಕಿ ಅತ್ತ ಸುಳಿಯಕೂಡದೆಂದು ನಯನ ತಾಕೀತು ಮಾಡಿದಳು.

"ಊರ ಮಕ್ಕಳಿಗೆ ಹಾಕಿವ್ನಿ ಕಣವ್ವ. ಮಗಳ ಕೂಸಿಗೆ ಕೈ ಬರ್ಲಿಲ್ಲ. ಎಳೆಬಿಸಿಲು ಕಾಯಿಸ್ದೆ, ಅಷ್ಟೇಯ" ಎಂದಳು ಠಾಣೆಗೆ ಕರೆತಂದ ಅಂಜಿನಮ್ಮ.

"ಬಿಸಿಲಿಗೆ ಉಂಗುರ ಮೂಡುತ್ತೇನಜ್ಜಿ?"

*

ಮೂರನೆಯ ದಿನ ಸಂಹಿತಾ ನಯನಳನ್ನು ಆಸ್ಪತ್ರೆಗೆ ಕರೆಸಿಕೊಂಡರು. ಮಗುವಿನ ಎರಡೂ ಕಣ್ಣಿನ ಸುತ್ತ ಹೊಸ ಕೆಂಪು.

"ಇದು ನಿನ್ನೆ ಬಂದಿದ್ದು. ಅಜ್ಜಿ ಎಲ್ಲಿದ್ರು?"

"ಠಾಣೇಲಿ. ನನ್ನೆದುರೇ."

"ಸುಟ್ಟಿದ್ರೆ ಬೊಬ್ಬೆ ಏಳ್ಬೇಕಿತ್ತು. ಒಂದೂ ಇಲ್ಲ. ಇಲ್ಲಿ ಕೇಳಿ."

ಸ್ಟೆತಸ್ಕೋಪ್ ಕಿವಿಗಿಟ್ಟುಕೊಂಡು ನಯನ ಎಣಿಸಿದಳು. ನಿಮಿಷಕ್ಕೆ ಐವತ್ತು.

"ಈ ವಯಸ್ಸಿಗೆ ನೂರು ದಾಟಿರ್ಬೇಕಿತ್ತು" ಎಂದರು ಸಂಹಿತಾ.

ಪಕ್ಕದಲ್ಲಿ ತಾಯಿ ಅನಿತಾ ಊಟ ಮಾಡುತ್ತಿದ್ದಳು. ಒಂದೊಂದು ತುತ್ತಿಗೂ ಒಂದೊಂದು ಗುಟುಕು ನೀರು. ನಯನ ಅದನ್ನೇ ನೋಡಿದಳು.

"ಬಾಯಿ ಒಣಗುತ್ತಾ?"

"ಎರಡು ವರ್ಷ ಆಯ್ತು ಮೇಡಂ. ಕಣ್ಣೂ ಉರಿ. ಹೀಟು ಅಂದ್ಕೊಂಡಿದ್ದೆ."

ಸಂಹಿತಾ ತಟ್ಟನೆ ತಲೆಯೆತ್ತಿದರು. ಅಂದೇ ಅನಿತಾಳ ರಕ್ತ ಪರೀಕ್ಷೆಗೆ ಹೋಯಿತು.

*

ವರದಿ ಬಂದಾಗ ಸಂಹಿತಾ ಬಿಡಿಸಿ ಹೇಳಿದರು. ರೋಗದಿಂದ ಕಾಯಬೇಕಾದ ಆಂಟಿಬಾಡಿಗಳು ಅನಿತಾಳ ಮೈಯನ್ನೇ ಹಗೆಯೆಂದುಕೊಂಡು ಅವಳ ಬಾಯಿ, ಕಣ್ಣು ಒಣಗಿಸಿದ್ದವು. ಬಸುರಿನಲ್ಲಿ ಅವೇ ಕೂಸಿಗೂ ದಾಟಿದ್ದವು. ಚರ್ಮದಲ್ಲಿ ಉಂಗುರವಾಗಿ, ಬಿಸಿಲು ತಾಗಿ ಕೆರಳಿದ್ದವು. ಎದೆಯೊಳಗೆ ಬಡಿತದ ದಾರಿಯನ್ನೇ ಕಡಿದಿದ್ದವು. ಎಳೆಗೂಸಿನ ಲೂಪಸ್ ಎಂದು ಅದರ ಹೆಸರು.

"ಕಲೆ ಕೆಲವು ತಿಂಗಳಲ್ಲಿ ಮಾಯುತ್ತೆ. ಹೃದಯ ಮಾಯಲ್ಲ. ಪೇಸ್‌ಮೇಕರ್ ಹಾಕ್ಬೇಕು, ಅಲ್ಲೀವರೆಗೆ ತಡ್ಕೊಂಡ್ರೆ."

ಅನಿತಾ ಮಗುವನ್ನು ಎದೆಯಿಂದ ಬಿಡಿಸಿ ಹಾಸಿಗೆಯ ಮೇಲಿಟ್ಟು ದೂರ ಸರಿದು ಕೂತಳು.

"ಹಾಲು ಕೊಡ್ಬಹುದಮ್ಮ, ಅದ್ರಿಂದ ಏನೂ ಆಗಲ್ಲ" ಎಂದರು ಸಂಹಿತಾ. ಕೂಸು ಅಳುತ್ತಲೇ ಇತ್ತು. ಅವಳು ಎತ್ತಿಕೊಳ್ಳಲಿಲ್ಲ.

*

"ನಿಮ್ಮ ತಪ್ಪಿಲ್ಲ ಅಜ್ಜಿ, ಮನೆಗೆ ಹೋಗಿ" ಎಂದು ನಯನ ಎಲ್ಲವನ್ನೂ ಹೇಳಿದಳು. ಅಂಜಿನಮ್ಮ ಠಾಣೆಯ ಬೆಂಚಿನಿಂದ ಏಳಲಿಲ್ಲ.

"ಅಳಿಯಂಗೆ ಹೇಳ್ದೇನವ್ವ?"

"ಇನ್ನೂ ಇಲ್ಲ."

"ಹೇಳ್ಬ್ಯಾಡ. ಅವಳ ರಕ್ತ ಅಂದ್ರೆ ಅವಳನ್ನ ಬಾಳ್ಸಾಕಿಲ್ಲ. ನಾನೇ ಸುಟ್ಟೆ ಅಂತ ಬರ್ಕೊ. ಹೆಂಗೂ ಊರು ನಂಬೈತೆ."

ಮುದುಕಿ ಹೆಬ್ಬೆಟ್ಟು ಒತ್ತಲು ಎಡಗೈಯನ್ನು ಮೇಜಿನ ಮೇಲಿಟ್ಟಳು. "ಮನೆಗೆ ಹೋಗಿ ಅಜ್ಜಿ" ಎಂದಳು ನಯನ. ಆ ಕೈ ಅಲ್ಲೇ ಇತ್ತು.