ಹನ್ನೊಂದು ಅಡಿ ದೂರ

"ಶ್! ಅಲ್ಲೇ ನಿಲ್ಲು... ಅಲ್ಲಾಡಬೇಡ!"

ಮದುವೆಯಾದ ಎರಡನೇ ದಿನ, ಎರಡು ಲೋಟ ಕಾಫಿ ಹಿಡಿದು ಹಾಲ್‌ಗೆ ಬಂದ ಹೆಂಡತಿಗೆ ಗಂಡ ಆಡಿದ ಮಾತು ಇದು!

ಹಾಲ್‌ನ ನಡುವೆ ಸ್ಟ್ಯಾಂಡಿನ ಮೇಲೊಂದು ಪುಟ್ಟ ಮೈಕು. ಸುತ್ತಲೂ ಐದು ಸ್ಪೀಕರ್. ಒಂದಾದ ಮೇಲೊಂದು ಸ್ಪೀಕರ್‌ನಿಂದ ಸುಯ್ ಎಂಬ ಸದ್ದು ಬರುತ್ತಿತ್ತು. ಮೈಕು ಅದನ್ನು ಅಳೆಯುವಾಗ ಯಾರಾದರೂ ಕೆಮ್ಮಿದರೂ ಸಾಕು, ಸ್ಪೀಕರ್‌ಗಳನ್ನು ನಡೆಸುವ ಆ ಕರೀ ರಿಸೀವರ್ ಪೆಟ್ಟಿಗೆ ಮತ್ತೆ ಮೊದಲಿನಿಂದ ಶುರು ಮಾಡು ಎನ್ನುತ್ತದೆ. ಪಾಪ, ಟೈಲರ್ ಹುಡುಗಿಗೆ ಇದೆಲ್ಲ ಹೇಗೆ ಗೊತ್ತಿರಬೇಕು? ಅವಳಿಗೆ ಕಂಡದ್ದು ತನ್ನತ್ತ ತಿರುಗದ ಆ ಮುಖ ಮಾತ್ರ. ಕಾಫಿ ಆರಿಹೋಯಿತು. ಅವಳಿಗೆ ಅಳು ಬಂತು.

ಅವನು ಸಿನಿಮಾ ಮಂದಿರದಲ್ಲಿ ಸೌಂಡ್ ನೋಡಿಕೊಳ್ಳುವವನು. ಮಾತಾಡಿದರೆ ಎಲ್ಲಿ ಮುತ್ತು ಉದುರೀತೋ ಎನ್ನುವಂಥ ಗಂಡು. ಅವಳೋ ನಿಂತಲ್ಲಿ ನಿಲ್ಲದವಳು, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಒಳ್ಳೇ ಜೋಡಿ!

ಒಂದು ವಾರ ಕಳೆಯಿತು. ಮೂರು ವಾರವಾಯಿತು. ಆ ಸುಯ್ ಸದ್ದು ಮಾತ್ರ ನಿಲ್ಲಲಿಲ್ಲ. ಅವಳು ಹೊಲಿಗೆ ಬಿಟ್ಟು ಅಡುಗೆಮನೆಗೆ ಹೋದರೆ ಸಾಕು, ಹಾಲ್‌ನಲ್ಲಿ ಶುರು! ಸ್ನಾನಕ್ಕೆ ಹೋದರೆ ಶುರು! ವಾಪಸ್ ಬಂದರೆ ಗಪ್‌ಚುಪ್. ರಿಮೋಟ್ ಬದಿಗಿಟ್ಟು, ಏನೂ ಆಗದವನಂತೆ ಸೋಫಾದಲ್ಲಿ ಕೂತಿರುತ್ತಿದ್ದ.

'ನಾನು ಯಾವಾಗ ಎದ್ದು ಹೋಗ್ತೀನೋ ಅಂತ ಕಾಯ್ತಾ ಇರ್ತಾರೆ... ನಾನೇ ಅಡ್ಡಿ ಇವರಿಗೆ!'

ಆ ಸ್ಪೀಕರ್‌ಗಳ ಕಾಟ ತಪ್ಪಿಸಿಕೊಳ್ಳಲು ಅವಳು ಹೊಲಿಗೆ ಮಷೀನನ್ನೂ ಸ್ಟೂಲನ್ನೂ ಎಳೆದಾಡಿದಳು. ಮೊದಲು ಬಾಗಿಲ ಹತ್ತಿರ. ಆಮೇಲೆ ಬೀರುವಿನ ಪಕ್ಕ. ನಿನ್ನೆಯಿಂದ ಕಿಟಕಿ ಮೂಲೆ. ಎಲ್ಲಿ ಕೂತರೂ ಮನಸ್ಸು ಕೂರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಜಗಳವನ್ನೇ ಆಡದವರು ಏನು ಮಾಡಬೇಕು?

ಇವತ್ತು ಬೆಳಿಗ್ಗೆ ಅಣ್ಣನಿಗೆ ಫೋನ್ ಮಾಡಿಬಿಟ್ಟಳು.

"ಅಣ್ಣಾ, ಬಂದು ಕರ್ಕೊಂಡು ಹೋಗು. ಇಲ್ಲಿ ನನಗೆ ಸವತಿ ಇದ್ದಾಳೆ."

"ಏನೇ ಹೇಳ್ತಿದ್ದೀಯ! ಯಾರವಳು?"

"ಕರೀ ಪೆಟ್ಟಿಗೆ. ಐದು ಬಾಯಿ ಅವಳಿಗೆ."

ಅಣ್ಣ ನಗಲಿಲ್ಲ. "ನಾಲ್ಕು ಗಂಟೆಗೆ ಬರ್ತೀನಿ," ಎಂದ.

ಗಂಡ ವೈರ್ ತರಲು ಹೊರಗೆ ಹೋಗಿದ್ದ. ಮೂರೂವರೆಯಾಗಿತ್ತು. ಸೂಟ್‌ಕೇಸ್ ಬಾಗಿಲಲ್ಲಿ ಸಿದ್ಧವಾಗಿತ್ತು. ಅವಳು ಹಾಲ್‌ನಲ್ಲಿ ಹೋಗುವುದು, ಬರುವುದು, ಗಡಿಯಾರ ನೋಡುವುದು... ಕೊನೆಗೆ ರಿಮೋಟ್ ಕೈಗೆ ತಗೊಂಡಳು.

'ಹೋಗೋಕೆ ಮುಂಚೆ ಎಲ್ಲಾ ಕೆಡಿಸಿಟ್ಟು ಹೋಗ್ತೀನಿ! ಗೊತ್ತಾಗ್ಲಿ!'

ಟಿವಿ ಪರದೆಯ ಮೇಲೆ ಸೆಟ್ಟಿಂಗ್ ತೆರೆಯಿತು. ಒಂದೊಂದು ಸ್ಪೀಕರ್ ಕೇಳುವವರಿಂದ ಎಷ್ಟು ದೂರ ಎಂಬ ಪಟ್ಟಿ. ಮುಂದಿನ ಎಡ: ಹನ್ನೊಂದು ಅಡಿ.

ಅವಳ ಬೆರಳು ನಿಂತಿತು. ಅಳತೆಯಲ್ಲಿ ಅವಳ ಕಣ್ಣಿಗೆ ಮಣ್ಣೆರಚುವವರುಂಟೇ? ಸೋಫಾಗೆ ಅಷ್ಟು ದೂರ ಎಲ್ಲಿದೆ! ಕೊರಳಿನ ಟೇಪ್ ತೆಗೆದು ಅಳೆದಳು. ಏಳೇ ಅಡಿ.

"ಇಷ್ಟು ದಿನ ಒದ್ದಾಡಿ ಅಳತೇನೇ ತಪ್ಪು! ಥೂ, ಇಂಥವರ ಕೈಗೆ ಬಟ್ಟೆ ಕೊಟ್ಟಿದ್ರೆ..."

ಹೋಗುವವಳು ಹೋಗಬಾರದೇ? ತಪ್ಪು ಅಳತೆ ಕಂಡು ಸುಮ್ಮನಿರುವ ಜಾತಿಯಲ್ಲ ಅವಳದು. ಎಡ ಸ್ಪೀಕರ್‌ನಿಂದ ಟೇಪ್ ಹಿಡಿದು ಹನ್ನೊಂದು ಅಡಿ ಹೋದಳು. ಪಟ್ಟಿಯಲ್ಲಿದ್ದಂತೆ ಬಲದಿಂದ ಆರು. ಹಿಂದಿನ ಬಲದಿಂದ ನಾಲ್ಕು. ಮೂರು ಅಳತೆಯೂ ಒಂದೇ ಜಾಗದಲ್ಲಿ ಬಂದು ಸೇರಿದವು.

ಕಿಟಕಿ ಮೂಲೆಯಲ್ಲಿ. ಅವಳ ಸ್ಟೂಲಿನ ಮೇಲೆ!

ಟೇಪ್ ಹಿಡಿದುಕೊಂಡೇ ಅದರ ಮೇಲೆ ಕೂತಳು.

ಬಾಗಿಲು ತೆರೆದು ಅವನು ಬಂದ. ಸೂಟ್‌ಕೇಸ್ ನೋಡಿದ. ಅವಳ ಕೈಯಲ್ಲಿನ ಟೇಪ್ ನೋಡಿದ. ವೈರಿನ ಸುರುಳಿ ಕೈಜಾರಿ ಬಿತ್ತು.

"ಹೊರಟಿದ್ದೀಯಾ...?"

"ಇದೇನ್ರೀ ಇದು? ಎಲ್ಲಾ ಅಳತೆ ನನ್ನ ಸ್ಟೂಲಿಗೆ ಯಾಕಿದೆ?"

ಅವನು ನೆಲ ನೋಡಿದ. "ಮೊದಲ ಸಲ ಸೋಫಾಗೆ ಸರಿ ಮಾಡಿದ್ದೆ. ಆ ವಾರವೇ ನೀನು ಗೊಣಗ್ತಿದ್ದೆಯಲ್ಲ... ಹೊಲಿಯುವಾಗ ಸಿನಿಮಾದ ಮಾತು ಅರ್ಧಂಬರ್ಧ ಕೇಳುತ್ತೆ ಅಂತ. ಥಿಯೇಟರ್‌ನಲ್ಲಿ ನಾನೂರು ಜನಕ್ಕೆ ಸರಿ ಮಾಡ್ತೀನಿ. ಮನೇಲಿ ನಿನ್ನೊಬ್ಬಳಿಗೆ ಸರಿ ಮಾಡೋಣ ಅಂದ್ಕೊಂಡೆ. ಪೂರ್ತಿ ಆದ್ಮೇಲೆ ತೋರಿಸೋಣ ಅಂತ..."

"ಮೂರು ವಾರ ಬೇಕಾ ಅದಕ್ಕೆ?"

"ಒಂದು ದಿನದ ಕೆಲಸ. ಆದ್ರೆ ನೀನು ದಿನಕ್ಕೊಂದು ಕಡೆ ಕೂತ್ಕೊಂಡ್ರೆ ನಾನೇನು ಮಾಡ್ಲಿ? ಬಾಗಿಲ ಹತ್ತಿರ ಮುಗಿಸಿದ್ರೆ ಬೀರು ಪಕ್ಕ! ಬೀರು ಪಕ್ಕ ಮುಗಿಸಿದ್ರೆ ಕಿಟಕಿ!"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಸದ್ದಿಗೆ ಹೆದರಿ ಅವಳು ಓಡಿದ್ದಳು. ಅವಳು ಓಡಿದ್ದಕ್ಕೇ ಸದ್ದು ಬೆನ್ನು ಹತ್ತಿತ್ತು. ಅಯ್ಯೋ ದೇವರೇ!

"ಬಾಯಿ ಬಿಟ್ಟು ಒಂದು ಮಾತು ಹೇಳೋಕಾಗ್ಲಿಲ್ವಾ ನಿಮಗೆ?"

"ಹೇಳೋಕೆ ಅಂತ ಹತ್ತಿರ ಬಂದಾಗೆಲ್ಲ ನೀನು ಎದ್ದು ಹೋಗ್ತಿದ್ದೆ."

ಫೋನ್ ಹೊಡೆದುಕೊಂಡಿತು. ಅಣ್ಣ. ಅವಳು ತೆಗೆಯಲಿಲ್ಲ, ಸ್ಟೂಲಿನಿಂದ ಏಳಲೂ ಇಲ್ಲ.

"ಈಗ ಕೂತಿದ್ದೀನಿ. ಹೇಳಿ."

ಅವನು ಬಂದು ಅವಳ ಮುಂದೆ ನೆಲದ ಮೇಲೆ ಕೂತ. ತುಟಿ ಎರಡು ಸಲ ಅಲುಗಿತು. ಮೂರನೇ ಸಲಕ್ಕೆ ಮಾತು ಬಂತು.

"ಹೋಗ್ಬೇಡ. ನಿನ್ನ ಕಂಡ್ರೆ ನಂಗೆ... ತುಂಬಾ ಇಷ್ಟ ಕಣೇ."

ಫೋನ್ ಮತ್ತೆ ಹೊಡೆದುಕೊಂಡಿತು. ಈ ಸಲ ಅವಳು ತೆಗೆದಳು. ಕಣ್ಣೊರೆಸಿಕೊಂಡಳು, ಆದರೆ ಕಣ್ಣು ಅವನ ಮೇಲಿಂದ ಸರಿಯಲಿಲ್ಲ.

"ಅಣ್ಣಾ... ಬಾ, ಕಾಫಿ ಕುಡ್ಕೊಂಡು ಹೋಗು. ಒಬ್ಬನೇ."