ಕೊನೆಯ ಪುಟದ ಮಾತು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ವೆಂಡೆಲ್ ಟೇಬರ್ ಎಂಬ ಪ್ರಸಿದ್ಧ ಲೇಖಕನಿಂದ ಹನ್ನೆರಡು ಪೆಟ್ಟಿಗೆ ಹೊರಿಸಿದೆ. ಲಾರಿಯವನು ಅಂದುಕೊಂಡಿದ್ದೆ. ಹಳೆಯ ಕಂದು ಜಾಕೆಟ್ಟು ಹಾಕಿಕೊಂಡು, ಕಿವಿ ಮುಚ್ಚುವ ಟೋಪಿ ಇಟ್ಟುಕೊಂಡು ಬಾಗಿಲಲ್ಲಿ ಸುಮ್ಮನೆ ನಿಂತವನನ್ನು ಇನ್ನೇನೆಂದುಕೊಳ್ಳಬೇಕು?

"ಏನ್ ನೋಡ್ತಾ ನಿಂತಿದೀರ? ಗೋಡೆ ಪಕ್ಕಕ್ಕಿಡಿ. ಪುಸ್ತಕದ ಮೂಲೆ ಜಜ್ಜಿದ್ರೆ ನಿಮ್ಮನ್ನ ಬಿಡಲ್ಲ" ಎಂದಿದ್ದೆ.

ಆತ ತುಟಿ ಪಿಟಕ್ಕೆನ್ನದೆ ಹನ್ನೆರಡನ್ನೂ ಹೊತ್ತ. ಆಮೇಲೆ ನಾನು ಒಂದು ಪೆಟ್ಟಿಗೆ ಬಿಚ್ಚಿ ಪುಸ್ತಕ ತಿರುಗಿಸಿದರೆ, ಹಿಂಬದಿಯ ಫೋಟೋದಲ್ಲಿ ಅದೇ ಜಾಕೆಟ್ಟು, ಅದೇ ಮುಖ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಇನ್ನೂ ಇದ್ರೆ ಹೇಳಿ. ಹದಿನೇಳು ವರ್ಷ ಸ್ಕೂಲ್ ಬಸ್ ಓಡಿಸಿದೀನಿ, ಬೈಸ್ಕೊಳ್ಳೋದು ನಂಗೆ ಹೊಸದಲ್ಲ" ಎಂದು ನಕ್ಕ.

ನನ್ನ ಹೆಸರು ಹಲೀನಾ. ಬಫಲೋ ಊರಿನ ನಮ್ಮ ಪುಸ್ತಕ ಹಬ್ಬದಲ್ಲಿ ಹನ್ನೊಂದು ವರ್ಷದಿಂದ ಪುಸ್ತಕದ ಕೋಣೆ ನನ್ನ ಪಾಲಿಗೆ ಬಿದ್ದಿದೆ. ಅದು ಹಳೆಯ ಕಟ್ಟಡವೊಂದರ ನೆಲಮಾಳಿಗೆ. ಕಿಟಕಿಯಿಲ್ಲ, ಫೋನ್ ಸಿಗ್ನಲ್ ಇಲ್ಲ. ಬಾಗಿಲಿನ ಒಳಗಿನ ಹಿಡಿ ಮುರಿದು ತಿಂಗಳಾಗಿತ್ತು. ಬೆಲ್ ಒತ್ತಿ, ಮೇಲಿಂದ ಕಾವಲಿನವನು ಬಂದು ತೆಗೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಶನಿವಾರದ ಹಬ್ಬಕ್ಕೆ ಮುಂಚೆ ಒಂಬೈನೂರು ಪ್ರತಿಗಳಿಗೆ ಆತನ ಸಹಿ ಆಗಬೇಕಿತ್ತು. ಇದು ಇಬ್ಬರ ಕೆಲಸ. ನಾನು ಹೊರಹೊದಿಕೆಯ ಮಡಿಕೆಯನ್ನು ಪುಸ್ತಕದ ಹೆಸರಿರುವ ಪುಟದಲ್ಲಿ ಗುರುತಿಗೆ ಸಿಕ್ಕಿಸಿ, ಪುಸ್ತಕ ತೆರೆದು ಆತನ ಮುಂದೆ ಜಾರಿಸುವುದು. ಆತ ಗೀಚಿ ಆಚೆ ತಳ್ಳುವುದು. ಮಾತಿಗೆ ಬಾಯಿ ಖಾಲಿ ಇರುತ್ತದೆ, ಅದೇ ಅಪಾಯ.

"ಗದರುವಾಗ ನಿಮ್ಮ ಎಡಹುಬ್ಬು ಮೇಲಕ್ಕೆ ಹೋಗತ್ತೆ, ಗೊತ್ತಾ?"

"ಸಹಿ ಹಾಕಿ."

"ಈಗ ಎರಡೂ ಹೋದ್ವು."

ಪುಸ್ತಕ ಆತನ ಹೆಂಡತಿ ಕೊರಿನ್ ಸತ್ತದ್ದರ ಕಥೆ. ಕೊನೆಯ ಸಾಲು: 'ಈ ಮನೆಗೆ ಇನ್ನೊಬ್ಬಳು ಬರುವುದಿಲ್ಲ.' ಆ ಸಾಲಿಗೆ ದೇಶದ ಅರ್ಧ ಹೆಂಗಸರು ಅತ್ತಿದ್ದರು. ಯಾರೋ ಒಬ್ಬಳು ಅದನ್ನು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದಳಂತೆ. ನಾನೂ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತವಳೇ. ಅಂಥವನ ಪಕ್ಕ ಎರಡು ದಿನ ಮೊಣಕೈಗೆ ಮೊಣಕೈ ತಾಗಿಸಿ ಕೂತರೆ ಏನಾಗಬಾರದೋ ಅದೇ ಆಯಿತು. ಬುಧವಾರ ಬೆಳಿಗ್ಗೆ ನಾನು, ನಲವತ್ನಾಲ್ಕು ವರ್ಷದವಳು, ನೆಲಮಾಳಿಗೆಗೆ ಇಳಿಯಲು ಲಿಪ್‌ಸ್ಟಿಕ್ ಹಚ್ಚಿಕೊಂಡೆ.

ಆ ದಿನ ಆತ ಪೆನ್ನು ಕೆಳಗಿಟ್ಟ.

"ಆ ಸಾಲು ಬರೆದಾಗ ಕೊರಿನ್ ಹೋಗಿ ಆರು ವಾರ ಆಗಿತ್ತು. ಆಗ ಅದು ನಿಜಾನೇ. ಈಗ ಐದು ವರ್ಷ ಆಯ್ತು ಹಲೀನಾ. ಯಾರ ಜೊತೆಗಾದ್ರೂ ಕೂತು ಒಂದು ಕಾಫಿ ಕುಡಿದ್ರೆ, ಕೊರಿನ್‌ಗೆ ಮೋಸ ಮಾಡ್ತಿದೀನೇನೋ ಅನ್ನೋ ಹಾಗೆ ನೋಡ್ತಾರೆ ಜನ. ಹೋದ ಊರಲ್ಲೆಲ್ಲ ಅದೇ ಪುಟ ಓದು ಅಂತಾರೆ. ಶನಿವಾರ ಇಲ್ಲೂ ಅದೇ. ಓದೋಕೆ ನಾಲಿಗೆ ಏಳ್ತಿಲ್ಲ."

ಓದಬೇಡಿ ಎನ್ನಬೇಕೆನಿಸಿತು. ಆದರೆ ಶನಿವಾರಕ್ಕೆ ಸಭಾಂಗಣದ ಸಾವಿರದ ಇನ್ನೂರು ಸೀಟೂ ಮಾರಾಟವಾಗಿದ್ದವು, ಆ ಒಂದು ಪುಟಕ್ಕಾಗಿ. ಅದು ಕೆಟ್ಟರೆ ಮುಂದಿನ ವರ್ಷ ಹಬ್ಬವೇ ಇರುವುದಿಲ್ಲ ಎಂದು ಮೇಲಿನವರು ಹೇಳಿಯಾಗಿತ್ತು.

"ಸುಮ್ನೆ ಓದಿಬಿಡಿ" ಎಂದೆ.

ಆತ ಪೆನ್ನು ಎತ್ತಿಕೊಂಡ. ಆರುನೂರರ ಆಸುಪಾಸು ಬಂದ ಮೇಲೆ ಕೈ ತಾನಾಗಿ ಬರೆಯುತ್ತದೆ, ತಲೆ ಬೇರೆಲ್ಲೋ ಇರುತ್ತದೆ. ಜೋಡಿಸಲು ಆತ ತಳ್ಳಿದ ಒಂದು ಪುಸ್ತಕ ಎಳೆದುಕೊಂಡೆ. ಸಹಿ ಇರಬೇಕಾದ ಜಾಗದಲ್ಲಿ, ಆತನ ಓರೆ ಅಕ್ಷರದಲ್ಲಿ, 'ಹಲೀನಾ' ಎಂದಿತ್ತು.

ಹಾಳಾದ ಪ್ರತಿಗೆ ಚೀಟಿ ಸಿಕ್ಕಿಸಿ, ಏನು ಕೆಟ್ಟಿದೆ ಎಂದು ಬರೆಯಬೇಕು. ಇಲ್ಲದಿದ್ದರೆ ಪ್ರಕಾಶಕರು ವಾಪಸ್ ತಗೊಳ್ಳುವುದಿಲ್ಲ. ಅಭ್ಯಾಸಬಲದಿಂದ ಚೀಟಿ ತೆಗೆದು 'ತಪ್ಪು ಹೆಸರು' ಎಂದು ಬರೆದೆ.

ಆತ ಚೀಟಿ ಎಳೆದುಕೊಂಡು ಓದಿದ. "ತಪ್ಪು ಅಂತ ಬರೀಬೇಡ."

"ಮತ್ತೇನಂತ ಬರೀಲಿ?"

"ಗೊತ್ತಿಲ್ಲ. ಎರಡು ದಿನದಿಂದ ತಲೇಲಿ ಬೇರೆ ಹೆಸರೇ ಇಲ್ಲ ನಂಗೆ."

ಎದ್ದು ಹೋಗಿ ಬೆಲ್ ಒತ್ತಿದೆ. ಕಾವಲಿನವನು ಬರಲು ಐದು ನಿಮಿಷ ಹಿಡಿಯಿತು. ಆ ಐದು ನಿಮಿಷ ಇಬ್ಬರೂ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತಿದ್ದೆವು. ಆತನ ಉಸಿರು ನನ್ನ ಕಿವಿಗೆ ಕೇಳುತ್ತಿತ್ತು.

"ಬೇಡ ಅಂತ ಹೇಳಿಬಿಡು. ಮತ್ತೆ ಮಾತೆತ್ತಲ್ಲ."

ಬೇಡ ಎನ್ನಲು ಬಾಯಿ ಬರಲಿಲ್ಲ. "ಶನಿವಾರ ಓದಿ. ಆಮೇಲೆ ನೋಡೋಣ" ಎಂದೆ.

"ಆಮೇಲೆ ಅನ್ನೋದೇ ಇಲ್ಲ ಹಲೀನಾ. ಭಾನುವಾರ ಇನ್ನೊಂದು ಊರು. ಅಲ್ಲೂ ಅದೇ ಪುಟ."

ಗುರುವಾರ ಉಳಿದ ಪ್ರತಿಗಳನ್ನು ಒಂದೂ ಮಾತಿಲ್ಲದೆ ಮುಗಿಸಿದೆವು.

ಶುಕ್ರವಾರ ಮಧ್ಯಾಹ್ನ ಮೇಲಿನ ಹಜಾರದಲ್ಲಿ ಸ್ವಯಂಸೇವಕರ ಸಾಲು. ಹಬ್ಬದ ದಿನ ಅವರಿಗೆ ಪುರುಸೊತ್ತಿರುವುದಿಲ್ಲವಾದ್ದರಿಂದ ಹಿಂದಿನ ದಿನವೇ ಅವರ ಪುಸ್ತಕಗಳಿಗೆ ಸಹಿ ಹಾಕಿಸುವುದು ನಮ್ಮ ಪದ್ಧತಿ. ವೆಂಡೆಲ್ ಮೇಜಿನ ಹಿಂದೆ ಕೂತ, ನಾನು ಪಕ್ಕದಲ್ಲಿ ನಿಂತೆ. ಮೊದಲು ಬಂದವರು ವಾಂಡಾ ಅತ್ತೆ. ಎಪ್ಪತ್ಮೂರು ವರ್ಷ. ಸ್ವಯಂಸೇವಕರಿಗೆಲ್ಲ ಹಿರಿಯರು, ನಂಟಿಲ್ಲದಿದ್ದರೂ ಎಲ್ಲರಿಗೂ ಅತ್ತೆ, ನನಗೆ ಈ ಕೆಲಸ ಕಲಿಸಿದವರು.

"ನಮ್ಮ ಯಜಮಾನ್ರು ಸ್ಟಾನ್ ಹೋಗಿ ಹದಿನೆಂಟು ವರ್ಷ ಆಯ್ತಪ್ಪ" ಎಂದರು. "ಮಕ್ಕಳು, ಯಾರನ್ನಾದ್ರೂ ಜೊತೆ ಮಾಡ್ಕೋ ಅಂದಾಗೆಲ್ಲ ನಿನ್ನ ಕೊನೇ ಸಾಲು ಓದಿ ತೋರಿಸ್ತೀನಿ. ನೀನು ಮಾತು ಉಳಿಸ್ಕೊಂಡಿದೀಯ, ಅಷ್ಟು ಸಾಕು ನಂಗೆ."

ತೆರೆದ ಪುಸ್ತಕ ಆತನ ಮುಂದಿತ್ತು. ಪೆನ್ನು ಅಲ್ಲಾಡಲಿಲ್ಲ.

"ಸಹಿ ಹಾಕಿ" ಎಂದು ಪಿಸುಗುಟ್ಟಿದೆ.

ಆತ ಪೆನ್ನಿನ ಮುಚ್ಚಳ ಹಾಕಿದ. "ಉಳಿಸ್ಕೊಂಡಿಲ್ಲಮ್ಮ. ಬರೆದಾಗ ಸುಳ್ಳಾಗಿರಲಿಲ್ಲ. ಈಗ ಒಬ್ಬಳು ಬಂದಿದಾಳೆ. ನಿಮ್ಮ ಪುಸ್ತಕ ತೆರೆದು ಕೊಟ್ಟಳಲ್ಲ, ಇವಳೇ. ನಾಳೆ ಆ ಸಾಲು ಓದಲ್ಲ ನಾನು. ಇದನ್ನೇ ಹೇಳ್ತೀನಿ."

ಸಾಲಿನಲ್ಲಿದ್ದ ನಲವತ್ತು ಜನರೂ ಕತ್ತು ಚಾಚಿ ನೋಡಿದರು. ವಾಂಡಾ ಅತ್ತೆ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು.

"ಹೌದೇನೇ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಸಭಾಂಗಣ, ಹಬ್ಬ, ನನ್ನ ಕೆಲಸ, ನನ್ನನ್ನು ಮಗಳಂತೆ ಕಂಡ ಈ ಅತ್ತೆ, ಎಲ್ಲ ಇದ್ದಲ್ಲೇ ಇರುತ್ತಿತ್ತು.

"ಹೌದು ಅತ್ತೆ" ಎಂದೆ.

ಅವರು ಪುಸ್ತಕ ಮುಚ್ಚಿ, ಸಹಿ ಇಲ್ಲದೆಯೇ ಎದೆಗವಚಿಕೊಂಡು ಹೊರಟರು. ಹಿಂದೆಯೇ ಇನ್ನಿಬ್ಬರು ಹೋದರು. ಬಾಗಿಲ ಬಳಿ ಅತ್ತೆ ನಿಂತು, "ನಾಳೆ ಬೆಳಿಗ್ಗೆ ಏಳಕ್ಕೆ ಬರ್ತೀನಿ. ಹಬ್ಬಕ್ಕೋಸ್ಕರ. ನಿಮಗೋಸ್ಕರ ಅಲ್ಲ" ಎಂದರು.

"ಮುಂದಿನವರು ಬನ್ನಿ" ಎಂದೆ. ಯಾರೂ ಬರಲಿಲ್ಲ, ಯಾರೂ ಹೋಗಲೂ ಇಲ್ಲ.

ವೆಂಡೆಲ್ ಪಕ್ಕದ ಕುರ್ಚಿಯನ್ನು ತನ್ನ ಹತ್ತಿರಕ್ಕೆ ಎಳೆದ. "ಕೂತ್ಕೋ."

ಅಷ್ಟೂ ಜನರ ಎದುರು ನಾನು ಆತನ ಪಕ್ಕ ಕೂತೆ. ಆಮೇಲೆ, ಸಾಲಿನಿಂದ ಮೊದಲು ಯಾರು ಬರುತ್ತಾರೋ ಎಂದು ಇಬ್ಬರೂ ಕಾದೆವು.